ಹುಬ್ಬಳ್ಳಿ–ಧಾರವಾಡದ ಮನೆಗೆ ವಿದ್ಯುತ್ ಕಾರು: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ವಿದ್ಯುತ್ ಕಾರು ನೋಡಲು ಶೋರೂಮಿಗೆ ಹೋಗುವ ಮೊದಲು ಒಂದು ತಿಂಗಳ ಕೆಲಸವಿದೆ. ತಿಂಗಳ ಮೊದಲ ದಿನ ಬೆಳಿಗ್ಗೆ, ಈಗ ಮನೆಯಲ್ಲಿರುವ ಕಾರಿನ ಕಿಲೋಮೀಟರ್ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ತಿಂಗಳ ಕೊನೆಯ ದಿನ ರಾತ್ರಿ ಮತ್ತೊಮ್ಮೆ ಬರೆಯಿರಿ. ನಡುವೆ ಊರು ಬಿಟ್ಟು ಹೋದ ದಿನಗಳಲ್ಲಿ ಎಲ್ಲಿಗೆ ಹೋದಿರಿ, ಎಷ್ಟು ದೂರವಾಯಿತು ಎಂಬುದನ್ನೂ ಗುರುತು ಹಾಕಿಕೊಳ್ಳಿ. ಇದರ ಜೊತೆಗೆ ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ, ಅಲ್ಲಿಗೆ ನಿಮ್ಮದೇ ಮೀಟರಿನಿಂದ ವೈರು ಎಳೆಯಲು ಸಾಧ್ಯವೇ ಎಂಬುದನ್ನು ನೋಡಿಕೊಳ್ಳಿ. ಈ ಎರಡು ಸಂಗತಿಗಳು ಸ್ಪಷ್ಟವಾದರೆ ಅರ್ಧ ತೀರ್ಮಾನ ಆದಂತೆಯೇ. ಇವನ್ನು ಬಿಟ್ಟು, ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ 315 ಅಥವಾ 421 ಕಿಲೋಮೀಟರ್ ಎಂಬ ಅಂಕಿಯಿಂದ ವಿಚಾರ ಆರಂಭಿಸಿದವರು ಬಹುಪಾಲು ತಮಗೆ ಬೇಕಾದುದಕ್ಕಿಂತ ದೊಡ್ಡ ಬ್ಯಾಟರಿಗೆ ಹಣ ಸುರಿಯುತ್ತಾರೆ, ಇಲ್ಲವೇ ತಮಗೆ ಒಪ್ಪುತ್ತಿದ್ದ ಕಾರನ್ನು ಹೆದರಿ ಕೈಬಿಡುತ್ತಾರೆ.

ಪ್ರತಿ ಕಿಲೋಮೀಟರಿಗೆ ಎಷ್ಟು ಉಳಿಯುತ್ತದೆ

ಲೆಕ್ಕದ ಅನುಕೂಲಕ್ಕೆ ಪೆಟ್ರೋಲನ್ನು ಲೀಟರಿಗೆ 100 ರೂಪಾಯಿ ಎಂದೂ, ಸಣ್ಣ ಪೆಟ್ರೋಲ್ ಕಾರು ನಮ್ಮ ಊರಿನ ಸಂಚಾರದಲ್ಲಿ ಲೀಟರಿಗೆ 16 ಕಿಲೋಮೀಟರ್ ಕೊಡುತ್ತದೆ ಎಂದೂ ಹಿಡಿಯೋಣ. ಆಗ ಕಿಲೋಮೀಟರಿಗೆ ಸುಮಾರು 6 ರೂಪಾಯಿ 25 ಪೈಸೆ ಆಗುತ್ತದೆ. ಸಣ್ಣ ವಿದ್ಯುತ್ ಕಾರು ಬ್ಯಾಟರಿಯ ಒಂದು ಯೂನಿಟ್‌ಗೆ 7 ಕಿಲೋಮೀಟರ್ ಓಡುತ್ತದೆ ಎಂದು ಬಿಗಿಯಾಗಿಯೇ ಹಿಡಿಯೋಣ. ಆದರೆ ಗೋಡೆಯ ಪ್ಲಗ್ಗಿನಿಂದ ಬ್ಯಾಟರಿಗೆ ಹೋಗುವಾಗ ನೂರಕ್ಕೆ ಹತ್ತು–ಹದಿನೈದು ಪಾಲು ವಿದ್ಯುತ್ತು ಶಾಖವಾಗಿ ಹೋಗುವುದರಿಂದ, ನಿಮ್ಮ ಮೀಟರಿನ ಒಂದು ಯೂನಿಟ್‌ಗೆ 6 ಕಿಲೋಮೀಟರ್ ಎಂದು ಎಣಿಸುವುದು ಪ್ರಾಮಾಣಿಕ ಲೆಕ್ಕ. ತೆರಿಗೆ ಮತ್ತು ಇತರ ಶುಲ್ಕಗಳನ್ನು ಸೇರಿಸಿ ಯೂನಿಟ್‌ಗೆ 7 ರೂಪಾಯಿ ಹಿಡಿದರೆ ಕಿಲೋಮೀಟರಿಗೆ 1 ರೂಪಾಯಿ 20 ಪೈಸೆಯ ಆಸುಪಾಸಿಗೆ ಬರುತ್ತದೆ. ಅಂದರೆ ಮನೆಯಲ್ಲೇ ಚಾರ್ಜ್ ಮಾಡುವವರಿಗೆ ಪ್ರತಿ ಕಿಲೋಮೀಟರಿಗೆ 5 ರೂಪಾಯಿ ಉಳಿತಾಯ.

ಈಗ ಬೆಲೆಯ ಅಂತರ. ಒಂದೇ ಗಾತ್ರದ ಪೆಟ್ರೋಲ್ ಕಾರಿಗೂ ವಿದ್ಯುತ್ ಕಾರಿಗೂ ರಸ್ತೆಗಿಳಿಯುವ ಹೊತ್ತಿಗೆ ಎರಡೂವರೆ ಲಕ್ಷ ರೂಪಾಯಿ ವ್ಯತ್ಯಾಸವಿದೆ ಎಂದುಕೊಳ್ಳಿ. ಈ ಹಣ ಮರಳಿ ಬರಬೇಕಾದರೆ ಕಾರು 50,000 ಕಿಲೋಮೀಟರ್ ಓಡಬೇಕು. ಧಾರವಾಡದ ಸಪ್ತಾಪುರದಲ್ಲಿದ್ದು ಹುಬ್ಬಳ್ಳಿಯ ಕಾಲೇಜಿಗೆ ದಿನವೂ ಹೋಗಿ ಬರುವ ಅಧ್ಯಾಪಕರಿಗೆ ತಿಂಗಳಿಗೆ 1,200 ಕಿಲೋಮೀಟರ್ ಸಹಜವಾಗಿ ಆಗುತ್ತದೆ. ಅವರಿಗೆ ಮೂರೂವರೆ ವರ್ಷದಲ್ಲಿ ಲೆಕ್ಕ ಸರಿಹೋಗುತ್ತದೆ. ಗದಗದ ಬೆಟಗೇರಿಯಿಂದ ವಾರಕ್ಕೆ ಮೂರು ಸಲ ಹುಬ್ಬಳ್ಳಿಯ ಮಾರುಕಟ್ಟೆಗೆ ಬರುವ ವ್ಯಾಪಾರಿ ತಿಂಗಳಿಗೆ 1,700 ಕಿಲೋಮೀಟರ್ ಓಡಿಸುವುದರಿಂದ ಎರಡೂವರೆ ವರ್ಷ ಸಾಕು. ಆದರೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಿವೃತ್ತರಾಗಿ ಇರುವ, ಕಾರನ್ನು ಸಿದ್ಧಾರೂಢ ಮಠಕ್ಕೆ, ಆಸ್ಪತ್ರೆಗೆ, ಮದುವೆ ಮುಂಜಿಗಳಿಗೆ ಮಾತ್ರ ತೆಗೆಯುವ ದಂಪತಿಗೆ ತಿಂಗಳಿಗೆ 350 ಕಿಲೋಮೀಟರ್ ಆಗುವುದೂ ಕಷ್ಟ. ಅವರಿಗೆ ಹನ್ನೆರಡು ವರ್ಷ ಬೇಕು. ಅಂಥವರಿಗೆ ಹೊಸ ವಿದ್ಯುತ್ ಕಾರು ಕೊಳ್ಳಿರೆಂದು ಹಣದ ಕಾರಣ ಮುಂದಿಟ್ಟು ಹೇಳುವುದು ನನ್ನ ದೃಷ್ಟಿಯಲ್ಲಿ ತಪ್ಪು ಸಲಹೆ. ಸದ್ದಿಲ್ಲದ ಓಟ, ಗೇರು ಬದಲಿಸುವ ಶ್ರಮವಿಲ್ಲದಿರುವುದು, ಹೊಗೆಯಿಲ್ಲದಿರುವುದು ಅವರಿಗೆ ಮುಖ್ಯವಾಗಿದ್ದರೆ ಅದು ಬೇರೆ ಮಾತು, ಮತ್ತು ಅದು ಗೌರವಿಸಬೇಕಾದ ಕಾರಣವೇ.

ಬೆಲೆಪಟ್ಟಿಯನ್ನು ಓದುವ ಬಗೆ

ವಿದ್ಯುತ್ ಕಾರಿನ ಮೇಲೆ ಜಿಎಸ್‌ಟಿ ಶೇ 5. 2019ರ ಆಗಸ್ಟ್‌ನಲ್ಲಿ ಶೇ 12ರಿಂದ ಈ ಮಟ್ಟಕ್ಕೆ ಇಳಿಯಿತು. ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಯಿತು. ಇದರಿಂದ ಪೆಟ್ರೋಲ್ ಕಾರುಗಳು ಅಗ್ಗವಾಗಿ ಎರಡರ ನಡುವಿನ ಅಂತರ ಹಿಗ್ಗಿತು. ಆದ್ದರಿಂದ ಆ ದಿನಕ್ಕಿಂತ ಹಿಂದೆ ಯಾರೋ ಮಾಡಿದ ಹೋಲಿಕೆಯನ್ನು ನಂಬಿ ಹೊರಡಬೇಡಿ. ಇಂದಿನ ಎರಡು ಬೆಲೆಪಟ್ಟಿಗಳನ್ನು ಎದುರಿಗಿಟ್ಟುಕೊಂಡು ನೀವೇ ಕಳೆಯಿರಿ.

ಕರ್ನಾಟಕದಲ್ಲಿ ಪೆಟ್ರೋಲ್ ಕಾರುಗಳಿಗೆ ಜೀವಿತಾವಧಿ ತೆರಿಗೆ (ಒಮ್ಮೆಗೇ ಕಟ್ಟುವ ರಸ್ತೆ ತೆರಿಗೆ) ಭಾರವಾಗಿದೆ: 5ರಿಂದ 10 ಲಕ್ಷದ ಕಾರಿಗೆ ಶೇ 14, 10ರಿಂದ 20 ಲಕ್ಷದ ಕಾರಿಗೆ ಶೇ 17, ಅದರ ಮೇಲೆ ಸೆಸ್ಸು ಬೇರೆ. ವಿದ್ಯುತ್ ವಾಹನಗಳಿಗೆ ರಾಜ್ಯವು 2016ರಲ್ಲಿ ಈ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. 2024ರಲ್ಲಿ 25 ಲಕ್ಷ ಮೀರಿದ ಕಾರುಗಳ ಮೇಲೆ ಶೇ 10 ತೆರಿಗೆ ತಂದಿತು. ಈ ವಿನಾಯಿತಿಯು ಶಾಶ್ವತವಲ್ಲ, ಸರ್ಕಾರ ಆಗಾಗ ಪರಿಷ್ಕರಿಸುವ ವಿಷಯ. ಆದ್ದರಿಂದ ಮುಂಗಡ ಕೊಡುವ ದಿನ ಎಕ್ಸ್‌ಶೋರೂಮ್ ಬೆಲೆ, ರಸ್ತೆ ತೆರಿಗೆ, ನೋಂದಣಿ, ವಿಮೆ, ಚಾರ್ಜರ್ ಅಳವಡಿಕೆ ಎಂದು ಒಂದೊಂದು ಬಾಬ್ತನ್ನು ಬೇರೆ ಬೇರೆ ಬರೆದ ಬೆಲೆಪಟ್ಟಿಯನ್ನು ಕೇಳಿ ಪಡೆಯಿರಿ. ಹಳೆಯ ಗ್ರಾಹಕರು ಕೊಟ್ಟ ತೆರಿಗೆಯೇ ನಿಮಗೂ ಎಂದು ಊಹಿಸಬೇಡಿ.

ಕೇಂದ್ರದ ಸಹಾಯಧನದ ವಿಷಯದಲ್ಲೂ ಹಲವರಿಗೆ ತಪ್ಪು ಕಲ್ಪನೆಯಿದೆ. 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನ, ಬಸ್ಸು, ಲಾರಿಗಳಿಗೆ ನೆರವು ಇಟ್ಟಿದ್ದರೇ ಹೊರತು ಸ್ವಂತ ಬಳಕೆಯ ಕಾರಿಗೆ ಇಟ್ಟಿರಲಿಲ್ಲ. ಸಾಲದ ಬಡ್ಡಿಯ ಮೇಲೆ ಒಂದೂವರೆ ಲಕ್ಷದವರೆಗೆ ಆದಾಯ ತೆರಿಗೆ ಕಡಿತ ಕೊಡುತ್ತಿದ್ದ 80ಇಇಬಿ ಸೌಲಭ್ಯವು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ ಸೀಮಿತ. ಇವೆರಡೂ ಕಾರಿಗೆ ಈಗ ಸಿಗುತ್ತವೆಂದು ಹೇಳಿ ಮಾರುವವರು ಸಿಕ್ಕರೆ ಎಚ್ಚರಿಕೆಯಿಂದಿರಿ. ಸಾಲ ಪಡೆಯುವುದಾದರೆ, ಕೆಲವು ಬ್ಯಾಂಕುಗಳು ವಿದ್ಯುತ್ ಕಾರಿನ ಸಾಲಕ್ಕೆ ಕಾಲು ಶೇಕಡಾದಷ್ಟು ಕಡಿಮೆ ಬಡ್ಡಿ ಹಾಕುತ್ತವೆ. ಕೇಳದಿದ್ದರೆ ಅವರಾಗಿಯೇ ಹೇಳುವುದಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಎಂಜಿ ಕಂಪನಿಯು ವಿಂಡ್ಸರ್ ಕಾರಿನೊಂದಿಗೆ ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಪದ್ಧತಿಯನ್ನು ತಂದಿತು. ಕಾರಿನ ಬೆಲೆ 9 ಲಕ್ಷ 99 ಸಾವಿರ, ಬ್ಯಾಟರಿಗೆ ಕಿಲೋಮೀಟರಿಗೆ 3 ರೂಪಾಯಿ 50 ಪೈಸೆ ಎಂಬುದು ಆರಂಭದ ದರವಾಗಿತ್ತು. ಮೊದಲು ಕೊಡುವ ಹಣ ಕಡಿಮೆಯಾಗುವುದು ನಿಜ. ಆದರೆ ಬಾಡಿಗೆಗೆ ವಿದ್ಯುತ್ ಖರ್ಚು ಸೇರಿಸಿದರೆ ಕಿಲೋಮೀಟರಿಗೆ 4 ರೂಪಾಯಿ 70 ಪೈಸೆ ಆಗುತ್ತದೆ. ಪೆಟ್ರೋಲಿಗೆ ಹೋಲಿಸಿದರೆ ಉಳಿಯುವುದು ಒಂದೂವರೆ ರೂಪಾಯಿ. ಹೆಚ್ಚು ಓಡಿಸುವವರಿಗೆ ಬ್ಯಾಟರಿ ಸಹಿತ ಕೊಳ್ಳುವುದೇ ಮೇಲು. ಬಾಡಿಗೆಯ ಕರಾರಿಗೆ ಸಹಿ ಹಾಕುವ ಮೊದಲು ತಿಂಗಳಿಗೆ ಕನಿಷ್ಠ ಇಷ್ಟು ಕಿಲೋಮೀಟರಿನ ಹಣ ಕಟ್ಟಲೇಬೇಕೆಂಬ ಷರತ್ತು ಇದೆಯೇ, ಕಾರನ್ನು ಮಾರುವಾಗ ಬ್ಯಾಟರಿಯ ಗತಿ ಏನು ಎಂಬ ಎರಡು ಸಾಲುಗಳನ್ನು ಹುಡುಕಿ ಓದಿ.

ಮನೆಯ ಮೀಟರು, ಗೃಹಜ್ಯೋತಿ ಮತ್ತು ಅರ್ಥಿಂಗ್

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ, ಏಕೆಂದರೆ ನಮ್ಮ ಕಡೆ ವಿದ್ಯುತ್ ಕಾರಿನ ಸುಖದುಃಖ ನಿರ್ಧಾರವಾಗುವುದು ಇಲ್ಲಿಯೇ.

2023ರ ಜುಲೈನಿಂದ ಗೃಹಜ್ಯೋತಿ ಯೋಜನೆಯಡಿ ಮನೆಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ತು ಸಿಗುತ್ತಿದೆ. ನಿಮ್ಮ ಮನೆಯ ಉಚಿತದ ಮಿತಿ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾಗಿರುತ್ತದೆ. ಆ ಮಿತಿ ಮೀರಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ, 200 ದಾಟಿದರೆ ಆ ತಿಂಗಳ ಇಡೀ ಬಿಲ್ಲು ನಿಮ್ಮದು. ತಿಂಗಳಿಗೆ 1,000 ಕಿಲೋಮೀಟರ್ ಓಡುವ ಕಾರಿಗೆ 167 ಯೂನಿಟ್ ಬೇಕು. ಮನೆಯ ಬಳಕೆ 90 ಯೂನಿಟ್ ಇದ್ದರೆ ಒಟ್ಟು 257 ಆಗಿ, ಅದುವರೆಗೆ ಶೂನ್ಯ ಬಿಲ್ಲು ಬರುತ್ತಿದ್ದ ಮನೆಗೆ 1,800 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ ಬರುತ್ತದೆ. ಈ ಇಡೀ ಹಣವನ್ನು ಕಾರಿನ ಲೆಕ್ಕಕ್ಕೇ ಹಾಕುವುದು ನ್ಯಾಯ, ಏಕೆಂದರೆ ಕಾರು ಬಾರದಿದ್ದರೆ ಅದನ್ನು ಕಟ್ಟಬೇಕಾಗಿರಲಿಲ್ಲ. ಹಾಗೆ ನೋಡಿದರೆ ಕಿಲೋಮೀಟರಿಗೆ 2 ರೂಪಾಯಿ ದಾಟುತ್ತದೆ. ಪೆಟ್ರೋಲಿಗಿಂತ ಇದು ಇನ್ನೂ ಬಹಳ ಕಡಿಮೆಯೇ. ಆದರೆ ಉಳಿತಾಯ 5 ರೂಪಾಯಿಯ ಬದಲು 4ಕ್ಕೆ ಇಳಿಯುವುದರಿಂದ, ಮೂರೂವರೆ ವರ್ಷದಲ್ಲಿ ಮರಳುತ್ತಿದ್ದ ಹಣಕ್ಕೆ ನಾಲ್ಕೂವರೆ ವರ್ಷ ಹಿಡಿಯಬಹುದು. ಇದನ್ನು ತಪ್ಪಿಸಲು ವಾಹನ ಚಾರ್ಜಿಂಗ್‌ಗೆಂದೇ ಪ್ರತ್ಯೇಕ ಸಂಪರ್ಕ ಕೇಳುವ ದಾರಿಯಿದೆ. ವಾಹನ ಚಾರ್ಜಿಂಗ್‌ಗೆ ವಿದ್ಯುತ್ ನಿಯಂತ್ರಣ ಆಯೋಗವು ಬೇರೆಯೇ ದರ ವರ್ಗವನ್ನು ಇಟ್ಟಿದೆ. ಹೆಸ್ಕಾಂನ ನಿಮ್ಮ ಶಾಖಾ ಕಚೇರಿಗೆ ಹೋಗಿ, ಪ್ರತ್ಯೇಕ ಮೀಟರಿಗೆ ಠೇವಣಿ ಎಷ್ಟು, ನಿಗದಿತ ಶುಲ್ಕ ಎಷ್ಟು ಎಂದು ತಿಳಿದುಕೊಂಡು, ಅದು ಲಾಭವೋ ನಷ್ಟವೋ ಎಂಬುದನ್ನು ಕಾರು ಬುಕ್ ಮಾಡುವ ಮೊದಲೇ ನಿರ್ಧರಿಸಿ.

ಮುಂದಿನದು ಮಂಜೂರಾದ ಲೋಡು, ಅಂದರೆ ಮನೆಯು ಒಮ್ಮೆಗೆ ಎಳೆಯಬಹುದೆಂದು ವಿದ್ಯುತ್ ಕಂಪನಿ ಒಪ್ಪಿದ ಮಿತಿ. ನಮ್ಮಲ್ಲಿ ಹಳೆಯ ಮನೆಗಳ ಲೋಡು 1 ಅಥವಾ 2 ಕಿಲೋವಾಟ್ ಇರುವುದು ಸಾಮಾನ್ಯ. ಬಿಲ್ಲಿನ ಮೇಲೆಯೇ ಅದನ್ನು ನಮೂದಿಸಿರುತ್ತಾರೆ. ಸಾಧಾರಣ 15 ಆಂಪಿಯರ್ ಪ್ಲಗ್ಗಿನಲ್ಲಿ ಚಾರ್ಜ್ ಮಾಡಿದರೆ ಕಾರು 3 ಕಿಲೋವಾಟ್‌ವರೆಗೆ ಎಳೆಯುತ್ತದೆ. ಗೋಡೆಗೆ ಕೂರಿಸುವ ಚಾರ್ಜರ್ 7.2 ಕಿಲೋವಾಟ್ ಎಳೆಯುತ್ತದೆ. ಸಣ್ಣ ಕಾರಿಗೆ ಗೋಡೆಯ ಚಾರ್ಜರ್ ಅನಗತ್ಯವೆಂಬುದು ನನ್ನ ಖಚಿತ ಅಭಿಪ್ರಾಯ. ದಿನಕ್ಕೆ 45 ಕಿಲೋಮೀಟರ್ ಓಡಿದ ಕಾರಿಗೆ ರಾತ್ರಿ ಬೇಕಾಗುವುದು ಏಳೆಂಟು ಯೂನಿಟ್. 15 ಆಂಪಿಯರ್ ಪ್ಲಗ್ಗು ಅದನ್ನು ಮೂರು ಗಂಟೆಯಲ್ಲಿ ತುಂಬುತ್ತದೆ, ನಡುವೆ ಒಂದು ಗಂಟೆ ಕರೆಂಟು ಹೋದರೂ ಬೆಳಗಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. 7.2 ಕಿಲೋವಾಟಿಗಾಗಿ ಲೋಡು ಏರಿಸಿದರೆ ಪ್ರತಿ ಕಿಲೋವಾಟಿಗೆ ಪ್ರತಿ ತಿಂಗಳೂ ನಿಗದಿತ ಶುಲ್ಕ ಕಟ್ಟುತ್ತಿರಬೇಕು.

ಪ್ಲಗ್ಗು ಸಾಧಾರಣವಾದರೂ ಅದರ ಹಿಂದಿನ ವೈರಿಂಗ್ ಸಾಧಾರಣವಾಗಿರಬಾರದು. ನಮ್ಮ ಮನೆಗೆ ಕಾರು ಬಂದಾಗ ವೈರಿಂಗ್ ಮಾಡಿದವರು ಸಮಯ ಉಳಿಸಲೆಂದು ಬಚ್ಚಲುಮನೆಯ ಗೀಸರಿನ ಲೈನಿನಿಂದಲೇ ಪ್ಲಗ್ಗಿಗೆ ಸಂಪರ್ಕ ಕೊಟ್ಟರು. ಎರಡನೆಯ ವಾರದಲ್ಲಿ ಪ್ಲಗ್ಗಿನ ಒಂದು ರಂಧ್ರ ಕಪ್ಪಾಗಿ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದಿತು. ಗೀಸರು ಹದಿನೈದು ನಿಮಿಷ ಉರಿದು ಆರುತ್ತದೆ. ಕಾರು ಗಂಟೆಗಟ್ಟಲೆ ಎಡೆಬಿಡದೆ ಎಳೆಯುತ್ತದೆ. ಈ ವ್ಯತ್ಯಾಸವನ್ನು ನಾನೂ ಆಗ ಅರಿತಿರಲಿಲ್ಲ. ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗದವರೆಗೆ 4 ಚದರ ಮಿಲಿಮೀಟರಿನ ತಾಮ್ರದ ವೈರನ್ನು ಬೇರೆಯದಾಗಿ ಎಳೆಸಿ, ಅದಕ್ಕೆ ತನ್ನದೇ ಎಂಸಿಬಿ (ಹೊರೆ ಹೆಚ್ಚಾದರೆ ಲೈನು ಕಡಿಯುವ ಸ್ವಿಚ್ಚು) ಮತ್ತು ಕರೆಂಟು ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಉತ್ತಮ ದರ್ಜೆಯ ಪ್ಲಗ್ಗನ್ನೇ ಕೂರಿಸಿರಿ. ಎಕ್ಸ್‌ಟೆನ್ಶನ್ ಬೋರ್ಡಿನ ಮೇಲೆ ಎಂದಿಗೂ ಚಾರ್ಜ್ ಮಾಡಬೇಡಿ.

ಅರ್ಥಿಂಗ್ ಸರಿಯಿಲ್ಲದಿದ್ದರೆ ಹೆಚ್ಚಿನ ಕಾರುಗಳು ಚಾರ್ಜ್ ಆಗಲು ಒಪ್ಪುವುದೇ ಇಲ್ಲ. ಕೆಂಪು ದೀಪ ತೋರಿಸಿ ನಿಂತುಬಿಡುತ್ತವೆ. ಧಾರವಾಡದ ಪೂರ್ವ ಭಾಗ, ನವಲಗುಂದ, ಗದಗ, ರೋಣದ ಕಡೆ ಎರೆ ಭೂಮಿ. ಮಳೆಗಾಲದಲ್ಲಿ ಈ ಮಣ್ಣು ತೇವ ಹಿಡಿದು ಅರ್ಥಿಂಗ್‌ಗೆ ಬಹಳ ಅನುಕೂಲವಾಗಿರುತ್ತದೆ. ಏಪ್ರಿಲ್ ಹೊತ್ತಿಗೆ ಒಣಗಿ, ಬಿರುಕು ಬಿಟ್ಟು, ನೆಲದಲ್ಲಿ ಹೂತ ತಗಡಿನಿಂದ ಮಣ್ಣೇ ಸರಿದು ನಿಲ್ಲುತ್ತದೆ. ಚಳಿಗಾಲದಲ್ಲಿ ಸರಿಯಾಗಿದ್ದ ಚಾರ್ಜಿಂಗ್ ಬೇಸಿಗೆಯಲ್ಲಿ ಕೈಕೊಟ್ಟರೆ ಕಾರಿನ ಮೇಲೆ ಅನುಮಾನಪಡುವ ಮೊದಲು ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಹಾಕಿ ನೋಡಿ. ಇದ್ದಿಲು, ಉಪ್ಪು ತುಂಬಿಸಿ ಆಳವಾಗಿ ಹೊಸ ಗುಂಡಿ ಮಾಡಿಸುವುದಕ್ಕೆ ಕಾರಿನ ಬೆಲೆಯ ಮುಂದೆ ಏನೂ ಖರ್ಚಿಲ್ಲ.

ಓಣಿಯೊಳಗಿನ ಹಳೆಯ ಮನೆಗಳಲ್ಲಿ ಇರುವವರ ಸಮಸ್ಯೆ ಬೇರೆ. ಹಳೇ ಹುಬ್ಬಳ್ಳಿಯಲ್ಲಾಗಲಿ ಗದಗದ ಹಳೆಯ ಪೇಟೆಯಲ್ಲಾಗಲಿ, ಮನೆಯಿಂದ ದೂರ ರಸ್ತೆಬದಿಯಲ್ಲಿ ಕಾರು ನಿಲ್ಲಿಸುವವರು ರಸ್ತೆಗೆ ಅಡ್ಡವಾಗಿ ವೈರು ಎಳೆಯುವಂತಿಲ್ಲ, ಎಳೆಯಲೂಬಾರದು. ಪೂರ್ತಿ ಸಾರ್ವಜನಿಕ ವೇಗದ ಚಾರ್ಜರುಗಳನ್ನೇ ನಂಬಿದರೆ ಜಿಎಸ್‌ಟಿ ಸೇರಿ ಯೂನಿಟ್‌ಗೆ 20 ರೂಪಾಯಿ ಹಿಡಿದರೂ ಕಿಲೋಮೀಟರಿಗೆ 3 ರೂಪಾಯಿ ಮೀರುತ್ತದೆ, ಜೊತೆಗೆ ವಾರಕ್ಕೆ ಎರಡು ಸಲ ಮುಕ್ಕಾಲು ಗಂಟೆ ಕಾಯಬೇಕು. ರಾತ್ರಿ ನಿಲ್ಲಿಸುವ ಜಾಗದಲ್ಲಿ ಸ್ವಂತ ಪ್ಲಗ್ಗು ಇಲ್ಲದವರು ಸದ್ಯಕ್ಕೆ ಕಾಯುವುದು ಲೇಸು. ಅಪಾರ್ಟ್‌ಮೆಂಟಿನಲ್ಲಿ ಇರುವವರು ಸಂಘದ ಒಪ್ಪಿಗೆಯನ್ನು ಬರಹದಲ್ಲಿ ಪಡೆದ ಮೇಲೆಯೇ ಮುಂಗಡ ಕೊಡಲಿ. ಹೊಲದ ಮನೆಗಳಲ್ಲಿ ಪಂಪ್‌ಸೆಟ್ ಲೈನಿನ ಕರೆಂಟು ಕಾರಿಗಲ್ಲ. ಅದು ದಿನಪೂರ್ತಿ ಬರುವುದೂ ಇಲ್ಲ.

ಸ್ವಂತ ಮಾಳಿಗೆ ಇರುವವರಿಗೆ ಒಂದು ಸಂತೋಷದ ಮಾತು. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿನ ಸೌರ ಫಲಕಗಳಿಗೆ 78,000 ರೂಪಾಯಿ ಸಹಾಯಧನವಿದೆ. ನಮ್ಮ ಬಿಸಿಲಿಗೆ ಅವು ದಿನಕ್ಕೆ ಸುಮಾರು 12 ಯೂನಿಟ್ ಕೊಡುತ್ತವೆ. ಮನೆ, ಕಾರು ಎರಡಕ್ಕೂ ಸಾಕು. ಕಪ್ಪತಗುಡ್ಡದ ಸುತ್ತಲಿನ ಗಾಳಿಯಂತ್ರಗಳನ್ನು ದಿನವೂ ನೋಡುವ ನಾಡಿನವರಾದ ನಮಗೆ, ಮನೆಯ ಮಾಳಿಗೆಯ ಬಿಸಿಲಿನಿಂದ ಕಾರು ಓಡುವುದನ್ನು ನೋಡಿದಾಗ ಆಗುವ ತೃಪ್ತಿಯನ್ನು ರೂಪಾಯಿಯಲ್ಲಿ ಅಳೆಯಲಾಗದು.

ಎಷ್ಟು ದೂರ ಹೋದೀತು

ಪ್ರಯೋಗಾಲಯದ ಪರೀಕ್ಷೆಯಲ್ಲಿ ಬಂದ ದೂರದ ಮೂರರಲ್ಲಿ ಎರಡು ಪಾಲನ್ನು ಮಾತ್ರ ನಂಬಿ. 24 ಯೂನಿಟ್ ಬ್ಯಾಟರಿಯ ಟಿಯಾಗೊ ವಿದ್ಯುತ್ ಕಾರಿಗೆ 315 ಕಿಲೋಮೀಟರ್ ಎಂದು ಹೇಳಿದ್ದರು. ರಸ್ತೆಯ ಮೇಲೆ ಸುಮಾರು 200. ಹುಬ್ಬಳ್ಳಿ–ಧಾರವಾಡ ಒಂದು ಬದಿಗೆ 20 ಕಿಲೋಮೀಟರ್, ಹುಬ್ಬಳ್ಳಿ–ಗದಗ 60ರ ಹತ್ತಿರ, ಹುಬ್ಬಳ್ಳಿ–ಹಾವೇರಿ 75. ಹಾವೇರಿಗೆ ಹೋಗಿ ಬರಲು ಈ ಕಾರು ಸಾಕು, ಆದರೆ ಹೆದ್ದಾರಿಯಲ್ಲಿ 100ರ ವೇಗದಲ್ಲಿ ಹೊಡೆದರೆ ಕೊನೆಯ ಹತ್ತು ಕಿಲೋಮೀಟರ್ ಆತಂಕದಲ್ಲಿ ಕಳೆಯುತ್ತದೆ. 80ರಲ್ಲಿ ಹೋದರೆ ನೆಮ್ಮದಿ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹುಬ್ಬಳ್ಳಿಯಿಂದ ಆಗಾಗ ಹೋಗುವವರು 35 ಯೂನಿಟ್‌ಗಿಂತ ಕಡಿಮೆಯ ಬ್ಯಾಟರಿ ಕೊಳ್ಳಬಾರದು.

ಬೆಂಗಳೂರು 400 ಕಿಲೋಮೀಟರಿಗೂ ಹೆಚ್ಚು ದೂರ. ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ದಾವಣಗೆರೆ, ಚಿತ್ರದುರ್ಗ, ತುಮಕೂರುಗಳಲ್ಲಿ ವೇಗದ ಚಾರ್ಜರುಗಳಿವೆ. ಸಣ್ಣ ಬ್ಯಾಟರಿಗೆ ಎರಡು ಅಥವಾ ಮೂರು ನಿಲುಗಡೆ ಬೇಕಾಗಿ ಪ್ರಯಾಣ ಎರಡು ಗಂಟೆಯಷ್ಟು ಉದ್ದವಾಗುತ್ತದೆ. ಶೇ 80 ತುಂಬಿದ ಮೇಲೆ ಚಾರ್ಜಿಂಗ್ ನಿಧಾನವಾಗುವುದರಿಂದ ಅಲ್ಲಿಗೇ ಎದ್ದು ಹೊರಡುವುದು ಜಾಣತನ. ಶೇ 30 ಉಳಿದಿರುವಾಗಲೇ ಚಾರ್ಜರ್ ತಲುಪುವಂತೆ ಯೋಜಿಸಿ. ಅದು ಕೆಟ್ಟಿದ್ದರೆ ಮುಂದಿನದಕ್ಕೆ ಹೋಗಲು ಅಷ್ಟು ಬೇಕು. ಎರಡು ಮೂರು ಕಂಪನಿಗಳ ಆ್ಯಪ್‌ಗಳಲ್ಲಿ ಮೊದಲೇ ಸ್ವಲ್ಪ ಹಣ ತುಂಬಿಸಿಡಿ. ವರ್ಷಕ್ಕೆ ಎರಡು ಸಲ ಮಾತ್ರ ಬೆಂಗಳೂರಿಗೆ ಹೋಗುವವರು ಅದಕ್ಕಾಗಿ ದೊಡ್ಡ ಬ್ಯಾಟರಿ ಕೊಳ್ಳುವುದಕ್ಕಿಂತ ರೈಲಿನಲ್ಲಿ ಹೋಗುವುದು ಉತ್ತಮ.

ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಹೋಗುವಾಗ ಬ್ರೇಕಿನ ಶಕ್ತಿ ಬ್ಯಾಟರಿಗೆ ಮರಳುತ್ತದೆ, ಶೇಕಡಾ ಏರುವುದನ್ನು ನೋಡಿ ಮಕ್ಕಳು ಕುಣಿಯುತ್ತಾರೆ. ಮರಳುವಾಗ ಮಾತ್ರ ಎಚ್ಚರ ಬೇಕು: 500 ಮೀಟರ್ ಎತ್ತರಕ್ಕೆ ಕಾರನ್ನು ಏರಿಸಲು 2 ಯೂನಿಟ್ ಹೆಚ್ಚುವರಿಯಾಗಿ ಖರ್ಚಾಗುತ್ತದೆ, ಅಂದರೆ ಹದಿನೈದು ಕಿಲೋಮೀಟರಿನಷ್ಟು ಓಟ.

ಬ್ಯಾಟರಿಯ ಆಯುಷ್ಯ ಮತ್ತು ಹಳೆಯ ಕಾರು

ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ಭರವಸೆ ಸಾಮಾನ್ಯವಾಗಿದೆ. ಕೆಲವು ಕಂಪನಿಗಳು ಮೊದಲ ಮಾಲೀಕರಿಗೆ ಇನ್ನೂ ಹೆಚ್ಚು ಕೊಡುತ್ತವೆ. ಎಲ್‌ಎಫ್‌ಪಿ (ಲಿಥಿಯಂ ಕಬ್ಬಿಣದ ಫಾಸ್ಫೇಟ್) ಬಗೆಯ ಬ್ಯಾಟರಿ ನಮ್ಮ ಬೇಸಿಗೆಯ ಬಿಸಿಲನ್ನು ಚೆನ್ನಾಗಿ ತಾಳುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ಓಡಿ ಬಂದ ಕೂಡಲೇ ಚಾರ್ಜಿಗೆ ಹಾಕದೆ, ರಾತ್ರಿ ಹತ್ತರ ನಂತರ ಹಾಕುವುದು ಬ್ಯಾಟರಿಗೂ ಒಳ್ಳೆಯದು, ಲೈನಿಗೂ ಹಗುರ.

ನಿವೃತ್ತ ದಂಪತಿಯ ವಿಷಯ ಹೇಳಿದೆನಲ್ಲ, ಅಂಥವರಿಗೆ ಮೂರು ನಾಲ್ಕು ವರ್ಷ ಓಡಿದ ವಿದ್ಯುತ್ ಕಾರು ಒಪ್ಪಬಹುದು. ಈ ಕಾರುಗಳ ಬೆಲೆ ಪೆಟ್ರೋಲ್ ಕಾರುಗಳಿಗಿಂತ ಬೇಗ ಇಳಿಯುತ್ತದೆ. ಮಾರುವವರಿಗೆ ಅದು ನಷ್ಟ, ಕೊಳ್ಳುವವರಿಗೆ ಲಾಭ. ಆದರೆ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಬ್ಯಾಟರಿಯ ಆರೋಗ್ಯ ವರದಿ ತೆಗೆಸದೆ ಒಂದು ರೂಪಾಯಿಯನ್ನೂ ಕೊಡಬೇಡಿ, ಮತ್ತು ಭರವಸೆಯು ಎರಡನೆಯ ಮಾಲೀಕರಿಗೆ ಎಷ್ಟು ಅನ್ವಯಿಸುತ್ತದೆ ಎಂಬುದನ್ನು ಬರಹದಲ್ಲಿ ಕೇಳಿ.

ಕೊನೆಗೆ ಪರೀಕ್ಷಾ ಓಟ. ಶೋರೂಮಿನ ಮುಂದಿನ ನಯವಾದ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಒಪ್ಪಿಕೊಳ್ಳಬೇಡಿ. ಮನೆಯವರೆಲ್ಲರನ್ನೂ ಕೂರಿಸಿಕೊಂಡು, ನಿಮ್ಮ ಓಣಿಯ ಹಂಪುಗಳ ಮೇಲೆಯೇ ಓಡಿಸಿ; ಬ್ಯಾಟರಿ ತಳದಲ್ಲಿ ಇರುವುದರಿಂದ ಕಾರಿನ ಹೊಟ್ಟೆ ತಾಗುತ್ತದೆಯೋ ಎಂಬುದು ಆಗ ತಿಳಿಯುತ್ತದೆ. ಸಾಧ್ಯವಾದರೆ ಕಾರನ್ನು ಮನೆಗೆ ತರಿಸಿ, ಹೊಸದಾಗಿ ಹಾಕಿಸಿದ ಪ್ಲಗ್ಗಿನಲ್ಲಿ ಅರ್ಧ ಗಂಟೆ ಚಾರ್ಜ್ ಮಾಡಿ, ನಂತರ ಪ್ಲಗ್ಗನ್ನು ಕೈಯಿಂದ ಮುಟ್ಟಿ ನೋಡಿ. ಅದು ಉಗುರುಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಕಾದಿದ್ದರೆ ವೈರಿಂಗ್ ಸರಿಪಡಿಸಿದ ಮೇಲೆಯೇ ಕಾರನ್ನು ಮನೆಗೆ ತನ್ನಿರಿ.